ಕಿವಿಯೊಳಗೆ ನೀರಿನ ಒತ್ತಡ ಎಂದಿದ್ದಾರೆ, ಇಂಜೆಕ್ಷನ್ ಹಾಕಿಸಿಕೊಳ್ಳಲೇ?

ಪ್ರಶ್ನೆ: ನನಗೆ 44 ವರ್ಷ. ದಾವಣಗೆರೆ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಎರಡು ವರ್ಷದಿಂದ ಬಲಗಿವಿ ಆಗಾಗ ದಿಮ್ಮೆಂದು ಕಟ್ಟಿಕೊಳ್ಳುತ್ತದೆ, ಒಳಗೆ ಗುಂಯ್ ಎನ್ನುತ್ತದೆ. ಸ್ವಲ್ಪ ಹೊತ್ತಿಗೆ ಇಡೀ ಮನೆ ಗಿರ್ರನೆ ತಿರುಗಲು ಶುರುವಾಗಿ ಎರಡು ಮೂರು ಗಂಟೆ ವಾಂತಿ. ಮರುದಿನ ಸುಸ್ತು ಬಿಟ್ಟರೆ ಏನೂ ಇರುವುದಿಲ್ಲ. ಮೊದಮೊದಲು ಕಿವಿಯೂ ಸರಿಯಾಗುತ್ತಿತ್ತು, ಈಗ ಪೂರ್ತಿ ಸರಿಯಾಗುತ್ತಿಲ್ಲ. ಹಿಂದಿನ ಬೆಂಚಿನ ಹುಡುಗರು ಹೇಳಿದ್ದು ಗೊತ್ತಾಗುವುದಿಲ್ಲ. ಒಬ್ಬ ಡಾಕ್ಟರು ಕತ್ತಿನ ಮೂಳೆ ಸವೆತ ಎಂದರು. ಇನ್ನೊಬ್ಬರು ಬೀಟಾಹಿಸ್ಟಿನ್ ಮಾತ್ರೆ ಕೊಟ್ಟರು, ಆರು ತಿಂಗಳಿಂದ ನುಂಗುತ್ತಿದ್ದೇನೆ. ಈಗಿನವರು ಆಡಿಯೋಗ್ರಾಂ (ಕೇಳುವ ಪರೀಕ್ಷೆಯ ನಕ್ಷೆ) ನೋಡಿ 'ಒಳಕಿವಿಯಲ್ಲಿ ನೀರಿನ ಒತ್ತಡ ಜಾಸ್ತಿ, ಮೆನಿಯರ್ಸ್ ಕಾಯಿಲೆ' ಎಂದು, ಕಿವಿಯೊಳಗೆ ಜೆಂಟಾಮೈಸಿನ್ ಇಂಜೆಕ್ಷನ್ ಹಾಕೋಣ ಎನ್ನುತ್ತಿದ್ದಾರೆ. ಅದರಿಂದ ಕಿವಿಯೇ ಹೋಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೆದರಿಸಿದ್ದಾರೆ. ತಲೆಗೆ ನೀರು ಹಾಕಿಕೊಂಡಿದ್ದೇ ಕಾರಣ ಎಂದು ಅತ್ತೆ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಬಿಡುತ್ತಾರೆ. ನೀರು ಕುಡಿಯುವುದನ್ನು ಕಡಿಮೆ ಮಾಡಲೇ? ಉಪ್ಪು ಪೂರ್ತಿ ಬಿಡಲೇ? ಇದು ನನ್ನ ಮಗಳಿಗೂ ಬರುತ್ತದೆಯೇ?

ಉತ್ತರ: ನೀವು ಕೇಳಿರುವುದು ಹಲವು ಪ್ರಶ್ನೆ, ಒಳಗಿರುವ ಭಯ ಒಂದೇ: ತಲೆಸುತ್ತು ನಿಲ್ಲಿಸಲು ಹೋಗಿ ಉಳಿದಷ್ಟು ಕಿವಿಯನ್ನೂ ಕಳೆದುಕೊಂಡರೆ? ಈ ಭಯಕ್ಕೆ ಆಧಾರವಿದೆ. ಈ ಕಾಯಿಲೆಯಲ್ಲಿ ತಲೆಸುತ್ತನ್ನು ಹತೋಟಿಗೆ ತರಲು ನಮ್ಮ ಬಳಿ ಹಲವು ದಾರಿಗಳಿವೆ, ಕೇಳುವ ಶಕ್ತಿಯನ್ನು ವಾಪಸು ತರುವ ದಾರಿಗಳು ಬಹಳ ಕಡಿಮೆ. ಹಾಗಾಗಿ ಯಾವ ಚಿಕಿತ್ಸೆ ಮುಂದಿಟ್ಟರೂ 'ಇದರಿಂದ ನನ್ನ ಕಿವಿಗೆ ಏನಾಗಬಹುದು' ಎಂದು ನೀವು ಕೇಳಲೇಬೇಕು.

ಮೊದಲು ಎಣ್ಣೆಯ ವಿಷಯ. ಅತ್ತೆಯವರ ಕಾಳಜಿ ಅರ್ಥವಾಗುತ್ತದೆ, ಆದರೆ ಇವತ್ತಿನಿಂದಲೇ ನಿಲ್ಲಿಸಿ. ಸ್ನಾನದ ನೀರಾಗಲಿ ಎಣ್ಣೆಯಾಗಲಿ ಕಿವಿತಮಟೆಯ ಹೊರಗೇ ನಿಲ್ಲುತ್ತದೆ. ತಮಟೆಯ ಆಚೆ ಗಾಳಿ ತುಂಬಿದ ನಡುಗಿವಿ, ಅದರಾಚೆ ದೇಹದಲ್ಲೇ ಅತ್ಯಂತ ಗಟ್ಟಿಯಾದ ಮೂಳೆಗಳಲ್ಲೊಂದರ ಒಳಗೆ ಹುದುಗಿರುವುದು ಒಳಕಿವಿ. ಡಾಕ್ಟರು ಹೇಳಿದ 'ನೀರು' ಅಲ್ಲಿಯದು. ಅದು ಹೊರಗಿನಿಂದ ಹೋದದ್ದಲ್ಲ, ಒಳಕಿವಿಯೇ ತಯಾರಿಸುವ ದ್ರವ. ಕಾಯಿಸಿದ ಎಣ್ಣೆ ಮಾಡುವುದು ಎರಡೇ ಕೆಲಸ, ಕಿವಿಯ ಚರ್ಮ ಸುಡುವುದು ಮತ್ತು ಶಿಲೀಂಧ್ರಕ್ಕೆ ಜಾಗ ಕೊಡುವುದು. ತಲೆಗೆ ನೀರು ಹಾಕಿಕೊಳ್ಳಲು ಅಡ್ಡಿಯಿಲ್ಲ. ನಿಂತು ಸ್ನಾನ ಮಾಡುವಾಗ ಸುತ್ತು ಬಂದರೆ ಬೀಳಬಾರದೆಂದು ಬಚ್ಚಲಲ್ಲಿ ಒಂದು ಸ್ಟೂಲು ಇಟ್ಟುಕೊಳ್ಳಿ, ಅಷ್ಟೇ.

ಇನ್ನು ಆ ದ್ರವ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ 'ನೀರಿನ ಒತ್ತಡ' ಎಂದಷ್ಟೇ ಕೇಳಿದವರು ನೀರು ಕುಡಿಯುವುದನ್ನು ಬಿಡುತ್ತಾರೆ. ನೀವೂ ಅಲ್ಲಿಗೇ ಬಂದಿದ್ದೀರಿ.

ಒಳಕಿವಿಯಲ್ಲಿ ಎರಡು ದ್ರವಗಳಿವೆ, ನಡುವೆ ಬಹಳ ತೆಳುವಾದ ಪೊರೆಗಳು. ಹೊರಗಿನದು ಪೆರಿಲಿಂಫ್. ಅದರ ಸ್ವಭಾವ ಹೆಚ್ಚುಕಡಿಮೆ ಮಿದುಳಿನ ಸುತ್ತಲ ದ್ರವದ್ದೇ: ಸೋಡಿಯಂ ಹೇರಳ, ಪೊಟ್ಯಾಸಿಯಂ ಅಲ್ಪ. ಒಳಗಿನ ಕೊಳವೆಯಲ್ಲಿರುವುದು ಎಂಡೋಲಿಂಫ್. ಇದರ ಲೆಕ್ಕ ತಲೆಕೆಳಗು. ನಿಮ್ಮ ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇದ್ದರೆ ಎಂಡೋಲಿಂಫಿನಲ್ಲಿ ಸುಮಾರು 150. ರಕ್ತದಲ್ಲಿ 140ರ ಆಸುಪಾಸು ಇರುವ ಸೋಡಿಯಂ ಇಲ್ಲಿ ಒಂದೆರಡು ಮಿಲಿಮೋಲ್ ಮಾತ್ರ. ಜೀವಕೋಶಗಳ ಹೊರಗಿರುವ ದ್ರವವೊಂದು ಹೀಗಿರುವುದು ದೇಹದಲ್ಲಿ ತೀರಾ ಅಪರೂಪ. ಸಾಲದ್ದಕ್ಕೆ, ಪೆರಿಲಿಂಫಿಗೆ ಹೋಲಿಸಿದರೆ ಕಾಕ್ಲಿಯಾದ, ಅಂದರೆ ಒಳಕಿವಿಯಲ್ಲಿ ಕೇಳುವ ಕೆಲಸ ಮಾಡುವ ಸುರುಳಿಯ, ಈ ದ್ರವ ಸುಮಾರು 80ರಿಂದ 100 ಮಿಲಿವೋಲ್ಟ್ ಧನ ವಿದ್ಯುತ್ತಿನಲ್ಲಿ ನಿಂತಿರುತ್ತದೆ. ಇದನ್ನು ಮೊದಲು ಅಳೆದವರು ಹಂಗೆರಿ ಮೂಲದ ಗಿಯೋರ್ಗ್ ಫಾನ್ ಬೇಕೆಶಿ. ಕಾಕ್ಲಿಯಾದೊಳಗೆ ಧ್ವನಿಯ ಅಲೆ ಹೇಗೆ ಸಾಗುತ್ತದೆ ಎಂಬ ಸಂಶೋಧನೆಗಾಗಿ 1961ರ ನೊಬೆಲ್ ಪ್ರಶಸ್ತಿ ಪಡೆದವರೂ ಅವರೇ.

ಇಷ್ಟು ಏರ್ಪಾಡು ಏತಕ್ಕೆ? ನಿಮ್ಮ ಮನೆಯ ಮೇಲಿನ ಟ್ಯಾಂಕು ನೆನೆಸಿಕೊಳ್ಳಿ. ಕರೆಂಟು ಇದ್ದಾಗ ಮೋಟಾರು ನೀರನ್ನು ಮೇಲೇರಿಸಿಡುತ್ತದೆ. ಆಮೇಲೆ ನಲ್ಲಿ ತಿರುಗಿಸಿದರೆ ಸಾಕು, ನೀರು ತಾನೇ ಇಳಿಯುತ್ತದೆ. ಕಾಕ್ಲಿಯಾದ ಗೋಡೆಯಲ್ಲಿರುವ ಸ್ಟ್ರಯಾ ಎಂಬ, ರಕ್ತನಾಳಗಳಿಂದ ತುಂಬಿದ ಪಟ್ಟಿಯೇ ಆ ಮೋಟಾರು. ಅದು ಹಗಲೂ ರಾತ್ರಿ ಪೊಟ್ಯಾಸಿಯಂ ಅಯಾನುಗಳನ್ನು ಎಂಡೋಲಿಂಫಿಗೆ ಏರಿಸುತ್ತಿರುತ್ತದೆ. ನಲ್ಲಿಗಳು ಯಾವುವೆಂದರೆ ರೋಮಕೋಶಗಳು, ಒಂದು ಕಿವಿಗೆ ಸುಮಾರು 15,000. ಧ್ವನಿಯ ಕಂಪನಕ್ಕೆ ಕೋಶದ ತುದಿಯ ಸೂಕ್ಷ್ಮ ಎಳೆಗಳು ಬಾಗಿದಾಗ ಬಾಗಿಲು ತೆರೆದು ಪೊಟ್ಯಾಸಿಯಂ ಒಳನುಗ್ಗುತ್ತದೆ, ನರಕ್ಕೆ ಸಂದೇಶ ಹೋಗುತ್ತದೆ. ಒಳಹೋದ ಪೊಟ್ಯಾಸಿಯಂ ಕೋಶದ ಬುಡದಿಂದ ಹೊರಬಿದ್ದು, ಪಕ್ಕದ ಕೋಶಗಳು ಒಂದರಿಂದ ಒಂದಕ್ಕೆ ದಾಟಿಸುತ್ತಾ ಮತ್ತೆ ಸ್ಟ್ರಯಾಗೆ ಮುಟ್ಟುತ್ತದೆ ಎಂಬುದು ಈಗಿನ ತಿಳಿವಳಿಕೆ.

ಈ ಪಂಪು ನಿಂತರೆ ಕಿವಿಗೆ ಏನಾಗುತ್ತದೆ ಎಂಬುದಕ್ಕೆ ಆಸ್ಪತ್ರೆಯಲ್ಲೇ ಉದಾಹರಣೆಯಿದೆ. ಕಿಡ್ನಿ ಮತ್ತು ಹೃದಯದ ರೋಗಿಗಳಿಗೆ ಮೂತ್ರ ಹೆಚ್ಚಿಸಲು ಕೊಡುವ ಫ್ಯೂರೋಸಮೈಡ್ ಔಷಧವನ್ನು ದೊಡ್ಡ ಪ್ರಮಾಣದಲ್ಲಿ ರಭಸವಾಗಿ ರಕ್ತನಾಳಕ್ಕೆ ಕೊಟ್ಟರೆ ಕೆಲವರಿಗೆ ಕೂಡಲೇ ಕಿವಿ ಮಂದವಾಗುತ್ತದೆ. ಅದು ಕಿಡ್ನಿಯಲ್ಲಿ ತಡೆಯುವಂಥದೇ ಅಯಾನು ಸಾಗಣೆ ಸ್ಟ್ರಯಾದಲ್ಲೂ ನಡೆಯುತ್ತದೆ, ಅಲ್ಲೂ ತಡೆಯುತ್ತದೆ. ಔಷಧದ ಪ್ರಭಾವ ಇಳಿದಾಗ ಸಾಮಾನ್ಯವಾಗಿ ಕಿವಿ ಮರಳುತ್ತದೆ. ರೋಮಕೋಶ, ನರ ಎಲ್ಲ ನೆಟ್ಟಗಿದ್ದೂ ಅಯಾನುಗಳ ಲೆಕ್ಕ ತಪ್ಪಿದರೆ ಸಾಕು, ಕೇಳುವುದಿಲ್ಲ.

ಮೆನಿಯರ್ಸ್ ಕಾಯಿಲೆಯಲ್ಲಿ ಎಂಡೋಲಿಂಫ್ ಇರುವ ಕೊಳವೆ ಉಬ್ಬಿಕೊಳ್ಳುತ್ತದೆ. ಉಬ್ಬಿದರೂ ಅದು ಎಷ್ಟು ಎಂದುಕೊಂಡಿರಿ? ಕಾಕ್ಲಿಯಾದ ಎಂಡೋಲಿಂಫ್ ಅಷ್ಟೂ ಸೇರಿದರೆ ಒಂದು ಹನಿಯೂ ಆಗದು. ಉಬ್ಬು ಮೊದಲು ಹೆಚ್ಚಾಗಿ ಕಾಣುವುದು ಸುರುಳಿಯ ತುದಿಯಲ್ಲಿ, ಆ ತುದಿ ದಪ್ಪ ಸ್ವರಗಳನ್ನು ಗ್ರಹಿಸುವ ಜಾಗ. ನಿಮ್ಮ ಆಡಿಯೋಗ್ರಾಂನಲ್ಲಿ ಎಡಬದಿಯ ಗೆರೆ, ಅಂದರೆ 250 ಮತ್ತು 500 ಹರ್ಟ್ಸ್ ಕಡೆಯದು, ಕೆಳಗಿಳಿದಿದ್ದರೆ ಅದಕ್ಕೆ ಇದೇ ಕಾರಣವಿರಬಹುದು. ವಯಸ್ಸಾದವರ ಕಿವುಡಿನಲ್ಲಿ ಇದಕ್ಕೆ ತದ್ವಿರುದ್ಧ, ಬಲಬದಿ ಇಳಿದಿರುತ್ತದೆ.

ಹಾಗಾದರೆ ಸುತ್ತು ಬರುವುದು ಏಕೆ? ಒಳಕಿವಿಯಲ್ಲಿ ಕೇಳುವ ಭಾಗವಲ್ಲದೆ ಸಮತೋಲನ ನೋಡಿಕೊಳ್ಳುವ ಭಾಗವೂ ಇದೆ. ಬಹುಕಾಲ ಹೇಳುತ್ತಾ ಬಂದಿರುವ ವಿವರಣೆ ಇದು: ಉಬ್ಬಿದ ಪೊರೆ ಬಿರಿದಾಗ ಅಥವಾ ಸೋರಿದಾಗ ಪೊಟ್ಯಾಸಿಯಂ ತುಂಬಿದ ದ್ರವ ಪೆರಿಲಿಂಫಿಗೆ ಬೆರೆತು, ಅದರಲ್ಲಿ ತೋಯ್ದ ನರದ ಎಳೆಗಳು ಮೊದಲು ಕೆರಳಿ ಆಮೇಲೆ ಮಂಕಾಗುತ್ತವೆ. ಒಂದು ಕಡೆಯ ಕಿವಿಯಿಂದ ಸುಳ್ಳು ಸುದ್ದಿ ಬಂದಾಗ ಮಿದುಳಿಗೆ ತಲೆ ತಿರುಗುತ್ತಿದೆ ಅನ್ನಿಸುತ್ತದೆ. ಪೊರೆ ಕೂಡಿಕೊಂಡು ಅಯಾನುಗಳು ತಮ್ಮ ತಮ್ಮ ಜಾಗಕ್ಕೆ ಹೋದ ಮೇಲೆ ಎಲ್ಲ ಶಾಂತ. ನಿಮ್ಮ ಎರಡು ಮೂರು ಗಂಟೆಯ ಲೆಕ್ಕಕ್ಕೆ ಇದು ಚೆನ್ನಾಗಿಯೇ ಹೊಂದುತ್ತದೆ. ಆದರೆ ಎಲ್ಲರೂ ಒಪ್ಪಿದ ಮಾತಲ್ಲ. ಲಂಡನ್ನಿನಲ್ಲಿ ಹಾಲ್‌ಪೈಕ್ ಮತ್ತು ಕೇರ್ನ್ಸ್, ಜಪಾನಿನಲ್ಲಿ ಯಮಕಾವಾ 1938ರಲ್ಲಿ ಮೃತ ರೋಗಿಗಳ ಒಳಕಿವಿಯಲ್ಲಿ ಈ ಉಬ್ಬನ್ನು ತೋರಿಸಿದಾಗ ಗುಟ್ಟು ಬಯಲಾಯಿತು ಎಂದುಕೊಂಡರು. ಆಮೇಲೆ, ಬದುಕಿದ್ದಾಗ ಒಮ್ಮೆಯೂ ತಲೆ ಸುತ್ತದವರ ಕಿವಿಯಲ್ಲೂ ಅದೇ ಉಬ್ಬು ಕಂಡಿತು. ಉಬ್ಬೇ ಕಾಯಿಲೆಯೋ, ಅಯಾನುಗಳನ್ನು ನೋಡಿಕೊಳ್ಳುವ ಕೋಶಗಳು ಕೆಟ್ಟದ್ದರ ಗುರುತು ಮಾತ್ರವೋ ಎಂಬ ಚರ್ಚೆ ಮುಗಿದಿಲ್ಲ. ನನಗೆ ಎರಡನೆಯದೇ ಹೆಚ್ಚು ಸರಿ ಅನ್ನಿಸುತ್ತದೆ. 'ನೀರು ಇಳಿಸುವ' ಚಿಕಿತ್ಸೆಗಳೆಲ್ಲ ಅರೆಬರೆ ಫಲ ಕೊಡುವುದನ್ನು ನೋಡಿದರೆ ಹಾಗೆ ಅನ್ನಿಸದಿರುವುದು ಕಷ್ಟ.

ಕತ್ತಿನ ಮೂಳೆ ಸವೆತಕ್ಕೂ ಇದಕ್ಕೂ ಸಂಬಂಧವಿಲ್ಲ. ನಲವತ್ತು ದಾಟಿದ ಹಲವರ ಕತ್ತಿನ ಎಕ್ಸ್‌ರೇಯಲ್ಲಿ ಒಂದಿಷ್ಟು ಸವೆತ ಸಿಗುತ್ತದೆ; ಅದು ಕಿವಿ ಕಟ್ಟಿಸಿ, ಗುಂಯ್‌ಗುಡಿಸಿ, ದಪ್ಪ ಸ್ವರಗಳನ್ನು ಮಾತ್ರ ಕಸಿಯುವುದಿಲ್ಲ. ಸುತ್ತಿನ ಮೂಲ ಕಿವಿಯಲ್ಲಿರಬಹುದು ಎಂದು ಪ್ಯಾರಿಸ್ಸಿನ ಕಿವುಡು ಮಕ್ಕಳ ಸಂಸ್ಥೆಯ ವೈದ್ಯ ಪ್ರಾಸ್ಪರ್ ಮೆನಿಯೇರ್ 1861ರಲ್ಲಿ ಹೇಳುವವರೆಗೂ ಇಂಥವರಿಗೆ ಮಿದುಳಿಗೆ ರಕ್ತ ಏರಿದೆ ಎಂದು ಚಿಕಿತ್ಸೆ ನಡೆಯುತ್ತಿತ್ತು. ನಮ್ಮಲ್ಲಿ ಆ ಜಾಗವನ್ನು ಕತ್ತಿನ ಪಟ್ಟಿ ಹಿಡಿದುಕೊಂಡಿದೆ.

2015ರಲ್ಲಿ ಅಂತಾರಾಷ್ಟ್ರೀಯವಾಗಿ ಒಪ್ಪಿಕೊಂಡ ಮಾನದಂಡ ಹೀಗಿದೆ: 20 ನಿಮಿಷದಿಂದ 12 ಗಂಟೆಯವರೆಗಿನ ಸುತ್ತು ಕನಿಷ್ಠ ಎರಡು ಸಲ ಬಂದಿರಬೇಕು, ಒಂದು ಕಿವಿಯಲ್ಲಿ ಕೆಳ ಅಥವಾ ನಡು ಸ್ವರಗಳ ನಷ್ಟ ಆಡಿಯೋಗ್ರಾಂನಲ್ಲಿ ದಾಖಲಾಗಿರಬೇಕು, ಅದೇ ಕಿವಿಯಲ್ಲಿ ಮಂದತೆ, ಗುಂಯ್ ಅಥವಾ ಕಟ್ಟಿದಂತಾಗುವುದು ಏರಿಳಿಯುತ್ತಿರಬೇಕು, ಬೇರೆ ಕಾರಣ ಇರಬಾರದು. ಮೊದಲ ಮೂರು ನಿಮ್ಮಲ್ಲಿ ಕಾಣುತ್ತಿವೆ. ನಾಲ್ಕನೆಯದನ್ನು ಪರಿಶೀಲಿಸಿದ ಕುರುಹು ಪತ್ರದಲ್ಲಿಲ್ಲ. ಒಂದೇ ಕಿವಿ ಮಂದವಾದವರಿಗೆ ಒಮ್ಮೆ ಎಂ.ಆರ್.ಐ. ಆಗಲೇಬೇಕು ಎನ್ನುವವನು ನಾನು. ಕೇಳುವ ನರದ ಮೇಲೆ ನಿಧಾನವಾಗಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗೆಡ್ಡೆಯೊಂದು ಹೀಗೆಯೇ ವೇಷ ಹಾಕಿ ಬರುವುದುಂಟು. ಜೊತೆಗೆ ನಿಮಗೆ ಅರೆತಲೆನೋವು ಇದೆಯೇ, ಸುತ್ತು ಬಂದಾಗ ಬೆಳಕು ಸಹಿಸಲಾಗುವುದಿಲ್ಲವೇ ಎಂಬುದನ್ನು ಡಾಕ್ಟರಿಗೆ ಹೇಳಿ. ಮೈಗ್ರೇನಿನಿಂದ ಬರುವ ಸುತ್ತು ಇದನ್ನೇ ಹೋಲುತ್ತದೆ, ಕೆಲವರಿಗೆ ಎರಡೂ ಇರುತ್ತವೆ, ಔಷಧ ಮಾತ್ರ ಬೇರೆ. ಹಾಸಿಗೆಯಲ್ಲಿ ಹೊರಳಿದಾಗ ಕೆಲವೇ ಸೆಕೆಂಡು ಬಂದುಹೋಗುವ ಸುತ್ತು ಮತ್ತೊಂದು ಬಗೆ. ಅದು ಒಳಕಿವಿಯ ಸುಣ್ಣದ ಹರಳು ಜಾಗ ತಪ್ಪಿದ್ದರಿಂದ ಆಗುವುದು, ತಲೆಯನ್ನು ಕ್ರಮವಾಗಿ ತಿರುಗಿಸಿ ಸರಿಮಾಡಬಹುದು.

ಈಗ ಉಪ್ಪು, ನೀರು. ಉಪ್ಪು ಕಡಿಮೆ ಮಾಡಿ ಎಂಬ ಸಲಹೆ 1930ರ ದಶಕದಿಂದ ನಡೆದುಬಂದಿದೆ. ಇದರಿಂದ ಲಾಭವಿದೆ ಎನ್ನಲು ಗಟ್ಟಿಯಾದ ಪುರಾವೆ ಇಲ್ಲ. ಆದರೂ ನಾನು ಹೇಳುತ್ತೇನೆ, ಏಕೆಂದರೆ ಕೆಲವರಿಗೆ ಸ್ಪಷ್ಟವಾಗಿ ಅನುಕೂಲವಾಗುತ್ತದೆ, ಬಿ.ಪಿ.ಗೂ ಒಳ್ಳೆಯದು. ಪೂರ್ತಿ ಬಿಡಬೇಡಿ. ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ ಮೀರದಂತೆ, ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಸಾಕು. ಸಾರಿಗೆ ಹಾಕುವ ಉಪ್ಪಿಗಿಂತ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಬೇಕರಿಯ ಖಾರಾ, ಸಂಜೆಯ ಮಂಡಕ್ಕಿ-ಮಿರ್ಚಿಗಳ ಕಡೆ ಕಣ್ಣಿಡಿ (ದಾವಣಗೆರೆಯವರಿಗೆ ಈ ಕೊನೆಯದನ್ನು ಹೇಳುವಾಗ ನನಗೂ ಸಂಕಟವೇ). ಒಂದು ದಿನ ಸಪ್ಪೆ, ಮರುದಿನ ಮದುವೆಮನೆಯ ಊಟ ಎಂದು ಏರುಪೇರಾಗುವುದಕ್ಕಿಂತ ದಿನವೂ ಒಂದೇ ಮಟ್ಟದಲ್ಲಿರುವುದು ಮೇಲು. ನೀರು ಕಡಿಮೆ ಮಾಡುವುದಂತೂ ಬೇಡವೇ ಬೇಡ. ನೀರು ಸಾಲದಾದಾಗ ದೇಹ ನೀರನ್ನು ಹಿಡಿದಿಡುವ ವ್ಯಾಸೋಪ್ರೆಸಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ, ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಇದೇ ಹಾರ್ಮೋನು ಎಂಡೋಲಿಂಫಿನ ಉಬ್ಬನ್ನು ಉಂಟುಮಾಡಿದೆ. ನೀವು ಅಂದುಕೊಂಡದ್ದಕ್ಕೆ ಉಲ್ಟಾ.

ಬೀಟಾಹಿಸ್ಟಿನ್ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳಬೇಕು. ಜರ್ಮನಿಯಲ್ಲಿ 221 ರೋಗಿಗಳ ಮೇಲೆ ಒಂಬತ್ತು ತಿಂಗಳು ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಾತ್ರೆ ನುಂಗಿದವರಲ್ಲೂ, ಔಷಧವಿಲ್ಲದ ಹುಸಿಮಾತ್ರೆ ನುಂಗಿದವರಲ್ಲೂ ಸುತ್ತು ಒಂದೇ ಪ್ರಮಾಣದಲ್ಲಿ ಕಡಿಮೆಯಾಯಿತು. ಕಾಯಿಲೆಯೇ ಏರಿಳಿಯುವಂಥದ್ದು, ಹಾಗಾಗಿ ಯಾವ ಮದ್ದು ಕೊಟ್ಟರೂ ಕೆಲಸ ಮಾಡಿದಂತೆ ಕಾಣುತ್ತದೆ. ಹಾನಿ ಕಡಿಮೆ ಇರುವುದರಿಂದ ನಾವು ಬರೆಯುತ್ತೇವೆ. ಆರು ತಿಂಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ಮುಂದುವರಿಸುವ ಅಗತ್ಯವಿದೆಯೇ ಎಂದು ಡಾಕ್ಟರನ್ನು ಕೇಳಿ. ಮೂತ್ರ ಹೆಚ್ಚಿಸುವ ಸೌಮ್ಯ ಮಾತ್ರೆಗಳನ್ನೂ ಕೊಡುವುದುಂಟು. ಕೊಟ್ಟರೆ ನಡುನಡುವೆ ರಕ್ತದ ಸೋಡಿಯಂ, ಪೊಟ್ಯಾಸಿಯಂ ನೋಡಿಸಬೇಕು. ವಾಂತಿ, ಸುತ್ತು ಜೋರಾದ ದಿನಕ್ಕೆಂದು ಕೊಡುವ ಪ್ರೋಕ್ಲೋರ್‌ಪೆರಜಿನ್, ಸಿನ್ನರಿಜಿನ್ ಮಾತ್ರೆಗಳನ್ನು ಆ ಒಂದೆರಡು ದಿನಕ್ಕೆ ಮಾತ್ರ ಇಟ್ಟುಕೊಳ್ಳಿ. ತಿಂಗಳುಗಟ್ಟಲೆ ನುಂಗಿ ಕೈನಡುಕ ಬರಿಸಿಕೊಂಡವರನ್ನು ನೋಡುತ್ತಲೇ ಇರುತ್ತೇವೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಕಿವಿತಮಟೆಯನ್ನು ಮರಗಟ್ಟಿಸಿ ಸಣ್ಣ ಸೂಜಿಯಿಂದ ನಡುಗಿವಿಗೆ ಹಾಕುವ ಇಂಜೆಕ್ಷನ್ನಿನಲ್ಲಿ ಎರಡು ಬಗೆ. ನಿಮಗೆ ಒಂದನ್ನೇ ಹೇಳಿದ್ದಾರೆ.

ಜೆಂಟಾಮೈಸಿನ್ ಒಂದು ಆಂಟಿಬಯೋಟಿಕ್. ಇಲ್ಲಿ ಬಳಸುವುದು ಅದರ ಕೆಟ್ಟ ಗುಣವನ್ನು: ಅದು ರೋಮಕೋಶಗಳನ್ನು ಕೊಲ್ಲುತ್ತದೆ. ಸಮತೋಲನದ ಭಾಗದ ರೋಮಕೋಶಗಳು ಕೇಳುವ ಭಾಗದವುಗಳಿಗಿಂತ ಬೇಗ ಬಲಿಯಾಗುತ್ತವೆ ಎಂಬ ಅಂತರವನ್ನು ನಂಬಿ ಕೊಡುವುದು. ಉಬ್ಬು, ಅಯಾನುಗಳ ಏರುಪೇರು ಹಾಗೆಯೇ ಇರುತ್ತವೆ, ಸುಳ್ಳು ಸುದ್ದಿ ಕಳಿಸುವ ಕೋಶಗಳು ಮಾತ್ರ ಇಲ್ಲವಾಗುತ್ತವೆ. ಸುತ್ತನ್ನು ಇದು ಚೆನ್ನಾಗಿಯೇ ನಿಲ್ಲಿಸುತ್ತದೆ. ಆದರೆ ಆ ಅಂತರ ಎಲ್ಲರಲ್ಲೂ ಒಂದೇ ಅಲ್ಲ, ಕೆಲವರಿಗೆ ಕೇಳುವುದೂ ಕುಸಿಯುತ್ತದೆ, ಕುಸಿದದ್ದು ಮರಳುವುದಿಲ್ಲ. ಸಹೋದ್ಯೋಗಿ ಹೇಳಿದ್ದರಲ್ಲಿ ಅಷ್ಟು ಸತ್ಯವಿದೆ. 'ಎಲ್ಲರಿಗೂ ಕಿವಿ ಹೋಗುತ್ತದೆ' ಎಂಬುದು ಸುಳ್ಳು. ಇಂಜೆಕ್ಷನ್ ಆದ ಮೇಲೆ ಕೆಲವು ವಾರ ನಡಿಗೆ ಓಲಾಡುತ್ತದೆ, ಮಿದುಳು ಹೊಂದಿಕೊಳ್ಳಲು ವ್ಯಾಯಾಮ ಬೇಕು. ಮುಂದೆಂದಾದರೂ ಎಡಗಿವಿಗೂ ಕಾಯಿಲೆ ಬಂದರೆ ಸಮತೋಲನಕ್ಕೆ ಆಧಾರವೇ ಉಳಿಯದಂತಾಗಬಹುದು. ಕುಟುಂಬದಲ್ಲಿ ಯಾರಿಗಾದರೂ ಸ್ಟ್ರೆಪ್ಟೋಮೈಸಿನ್ ಅಥವಾ ಜೆಂಟಾಮೈಸಿನ್ ಇಂಜೆಕ್ಷನ್ನಿನಿಂದ ಕಿವಿ ಹೋಗಿದ್ದರೆ ಮೊದಲೇ ಹೇಳಿಬಿಡಿ, ತಾಯಿಯ ಕಡೆಯಿಂದ ಬರುವ ಒಂದು ಜೀನ್ ದೋಷವಿದ್ದವರಿಗೆ ಈ ಔಷಧ ತೀರಾ ಅಪಾಯ.

ಎರಡನೆಯದು ಸ್ಟೀರಾಯ್ಡ್. ಇದು ಕೋಶಗಳನ್ನು ಕೊಲ್ಲುವುದಿಲ್ಲ. ಉರಿಯೂತ ತಗ್ಗಿಸುವುದಲ್ಲದೆ, ಒಳಕಿವಿಯ ಅಯಾನು ಸಾಗಣೆಯ ಮೇಲೂ ಕೆಲಸ ಮಾಡುತ್ತದೆ ಎಂಬುದು ಪ್ರಯೋಗಾಲಯಗಳಲ್ಲಿ ಕಂಡದ್ದು. ಬ್ರಿಟನ್ನಿನಲ್ಲಿ 60 ರೋಗಿಗಳ ಮೇಲೆ ಇವೆರಡನ್ನೂ ಹೋಲಿಸಿದರು, ಫಲಿತಾಂಶ 2016ರಲ್ಲಿ ಬಂತು. ಎರಡು ವರ್ಷದ ಕೊನೆಗೆ ಸುತ್ತು ಜೆಂಟಾಮೈಸಿನ್ ಪಡೆದವರಲ್ಲಿ ಶೇ. 87, ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಪಡೆದವರಲ್ಲಿ ಶೇ. 90 ಇಳಿದಿತ್ತು. ಸಣ್ಣ ಅಧ್ಯಯನ, ಹುಸಿಮಾತ್ರೆಯ ಗುಂಪು ಇರಲಿಲ್ಲ, ಕಾಯಿಲೆ ತಾನಾಗಿ ಇಳಿದದ್ದೂ ಇದರಲ್ಲಿ ಸೇರಿರಬಹುದು. ಸ್ಟೀರಾಯ್ಡ್ ಹಲವರಿಗೆ ಮತ್ತೆ ಮತ್ತೆ ಬೇಕಾಗುತ್ತದೆ. ತಮಟೆಯಲ್ಲಿ ಸಣ್ಣ ರಂಧ್ರ ಉಳಿಯುವುದು, ಸೋಂಕು ಇವು ಎರಡೂ ಇಂಜೆಕ್ಷನ್ನಿನಲ್ಲಿ ಅಪರೂಪಕ್ಕೆ ಆಗುವಂಥವು.

ನಿಮ್ಮ ಸ್ಥಿತಿಯಲ್ಲಿ ನನ್ನ ಅಭಿಪ್ರಾಯ: ಬಲಗಿವಿಯಲ್ಲಿ ಪಾಠ ಮಾಡುವಷ್ಟು ಕೇಳುವ ಶಕ್ತಿ ಇನ್ನೂ ಇದೆ. ಅದು ಇರುವವರೆಗೆ ಮೊದಲು ಸ್ಟೀರಾಯ್ಡ್. ಅದು ಫಲಿಸದೆ, ತಿಂಗಳಿಗೆ ಹಲವು ಸಲ ಸುತ್ತು ಬಂದು ಕೆಲಸವೇ ನಿಲ್ಲುವಂತಾದರೆ, ಅಥವಾ ನಿಂತಲ್ಲೇ ಯಾರೋ ತಳ್ಳಿದ ಹಾಗೆ ದಿಢೀರನೆ ಬೀಳುವುದು ಶುರುವಾದರೆ ಆಗ ಜೆಂಟಾಮೈಸಿನ್. ಆಗಲೂ ಕಡಿಮೆ ಪ್ರಮಾಣ, ಎರಡು ಇಂಜೆಕ್ಷನ್ನುಗಳ ನಡುವೆ ವಾರಗಳ ಅಂತರ, ಪ್ರತಿ ಸಲವೂ ಮೊದಲು ಆಡಿಯೋಗ್ರಾಂ. ನಿಮ್ಮ ಡಾಕ್ಟರು ಜೆಂಟಾಮೈಸಿನ್ನನ್ನೇ ಮೊದಲು ಹೇಳಲು ನನಗೆ ಕಾಣದ ಕಾರಣವಿದ್ದೀತು, ಕೇಳಿನೋಡಿ. ಎಂಡೋಲಿಂಫ್ ಚೀಲದ ಶಸ್ತ್ರಚಿಕಿತ್ಸೆ, ಸಮತೋಲನದ ನರ ಕತ್ತರಿಸುವುದು ಇವೆಲ್ಲ ಇವೆ, ನಿಮಗೆ ಸದ್ಯಕ್ಕೆ ಆ ಮಾತೇ ಬೇಡ.

ಪೂರ್ತಿ ಕಿವುಡಾಗುತ್ತೇನೆಯೇ ಎಂಬ ಆತಂಕ ಸಾಲುಗಳ ನಡುವೆ ಕಾಣುತ್ತಿದೆ. ಸಾಮಾನ್ಯವಾಗಿ ವರ್ಷಗಳು ಕಳೆದಂತೆ ಸುತ್ತು ತಾನಾಗಿ ವಿರಳವಾಗುತ್ತದೆ, ಆ ಕಿವಿಯ ನಷ್ಟ ನಡುಮಟ್ಟದಲ್ಲಿ, 50-60 ಡೆಸಿಬೆಲ್ ಸುತ್ತಮುತ್ತ, ಬಂದು ನಿಲ್ಲುತ್ತದೆ. ಒಂದೂ ಕೇಳದ ಸ್ಥಿತಿಗೆ ಹೋಗುವವರು ಕಡಿಮೆ. ಸುತ್ತು ನಿಂತಿತೆಂದು ಕಿವಿ ಪರೀಕ್ಷೆ ಬಿಡಬೇಡಿ, ಕೇಳುವುದು ಸದ್ದಿಲ್ಲದೆ ಇಳಿಯುತ್ತಿರಬಹುದು. ಆರು ತಿಂಗಳಿಗೊಮ್ಮೆ, ಸಾಧ್ಯವಾದರೆ ಕಿವಿ ಕಟ್ಟಿದ ದಿನವೇ ಒಮ್ಮೆ, ಆಡಿಯೋಗ್ರಾಂ ಮಾಡಿಸಿ ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ. ಶ್ರವಣಯಂತ್ರ ಈಗಲೇ ಬೇಕೇ ಎಂಬುದನ್ನು ಆಡಿಯಾಲಜಿಸ್ಟ್ ನೋಡಿ ಹೇಳುತ್ತಾರೆ. ಏರಿಳಿಯುವ ಕಿವಿಗೆ ಎರಡು ಮೂರು ಬಗೆಯ ಸೆಟ್ಟಿಂಗ್ ಇಟ್ಟುಕೊಡುವ ಯಂತ್ರ ಬೇಕು, ಅಂಗಡಿಯಲ್ಲಿ ಸಿಗುವ ಸಿದ್ಧ ಮಾದರಿ ಆಗದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕೇಳುವ ಪರೀಕ್ಷೆ, ಸಮತೋಲನ ಪರೀಕ್ಷೆ, ಯಂತ್ರದ ಸಲಹೆ ಒಂದೇ ಕಡೆ ಆಗುತ್ತವೆ, ರಜೆಯಲ್ಲಿ ಹೋಗಿಬರಬಹುದು. ತರಗತಿಯಲ್ಲಿ ಎಡಗಿವಿ ಮಕ್ಕಳ ಕಡೆ ಇರುವಂತೆ ನಿಲ್ಲಿ. ಮುನ್ಸೂಚನೆ ಇಲ್ಲದೆ ಸುತ್ತು ಬರುತ್ತಿರುವವರೆಗೆ ಸ್ಕೂಟರ್ ಬೇಡ.

ಯಾವಾಗಲಾದರೂ ಒಂದೆರಡು ದಿನದೊಳಗೆ ಕಿವಿ ಎಂದಿಗಿಂತ ತೀರಾ ಮಂದವಾಗಿ ಹಾಗೆಯೇ ನಿಂತರೆ 'ಮಾಮೂಲಿ' ಎಂದು ಕಾಯಬೇಡಿ, ಅದೇ ದಿನ ಡಾಕ್ಟರ ಬಳಿ ಹೋಗಿ. ದಿಢೀರ್ ಕಿವುಡಿಗೆ ಕೊಡುವ ಸ್ಟೀರಾಯ್ಡ್ ಮೊದಲ ಎರಡು ವಾರದಲ್ಲಿ ಕೊಟ್ಟರೆ ಫಲ ಹೆಚ್ಚು. ಸುತ್ತಿನ ಜೊತೆ ಮಾತು ತೊದಲಿದರೆ, ವಸ್ತು ಎರಡಾಗಿ ಕಂಡರೆ, ಕೈಕಾಲು ಸೋತರೆ ಅದು ಕಿವಿಯದಲ್ಲ, ಪಾರ್ಶ್ವವಾಯು ಇರಬಹುದು, ನೇರ ತುರ್ತು ವಿಭಾಗಕ್ಕೆ.

ಮಗಳ ಬಗ್ಗೆ: ಮೆನಿಯರ್ಸ್ ಬಹುಪಾಲು ಒಬ್ಬರಿಗೇ ಬರುವ ಕಾಯಿಲೆ, ಕೆಲವು ಕುಟುಂಬಗಳಲ್ಲಿ ಮಾತ್ರ ಒಬ್ಬರಿಗಿಂತ ಹೆಚ್ಚು ಜನರಿಗೆ ಕಾಣುತ್ತದೆ. ಪೊಟ್ಯಾಸಿಯಂ ದಾಟಿಸುವ ಕೋಶಗಳ ನಡುವಿನ ಕನೆಕ್ಸಿನ್ 26 ಎಂಬ ಪ್ರೋಟೀನಿನ ದೋಷದಿಂದ ಹುಟ್ಟುಕಿವುಡು ಬರುತ್ತದೆ. ಬಹುಶಃ ಅದನ್ನೇ ಎಲ್ಲೋ ಕೇಳಿ ನಿಮಗೆ ಗಾಬರಿಯಾಗಿದ್ದೀತು, ಆದರೆ ಅದು ಬೇರೆಯದೇ ಕಥೆ. ಮಗಳಿಗೆ ಈಗ ತೊಂದರೆಯಿಲ್ಲ ಎಂದಾದರೆ ಯಾವ ಪರೀಕ್ಷೆಯೂ ಬೇಡ.